ಯಾರ ಬಾಯಿಗೆ ಮೊಸರು, ಯಾರ ಕಡಲಿಗೆ ಕೆಸರು?

ಪರಿಸರದ ಚರ್ಚೆಗಳಲ್ಲಿ ನನಗೆ ಅತ್ಯಂತ ಅನುಮಾನ ಹುಟ್ಟಿಸುವ ಪದ ‘ನಿಷೇಧ’. ಆ ಪದ ಬಂದ ಕೂಡಲೇ ಕೂತವರೆಲ್ಲ ನಿರಾಳರಾಗುತ್ತಾರೆ. ಡಿಡಿಟಿಯಾ? ಹೊಲಕ್ಕೆ ಹೊಡೆಯುವುದು ಯಾವತ್ತೋ ನಿಂತಿತಲ್ಲ. ಹಡಗಿನ ಅಡಿಗೆ ಬಳಿಯುತ್ತಿದ್ದ ಟಿಬಿಟಿ ಬಣ್ಣವಾ? 2008ರಲ್ಲೇ ಅಂತಾರಾಷ್ಟ್ರೀಯ ಒಪ್ಪಂದ ಜಾರಿಗೆ ಬಂತಲ್ಲ. ಪಾದರಸ ಬಳಸುತ್ತಿದ್ದ ಕಾಸ್ಟಿಕ್ ಸೋಡಾ ಘಟಕಗಳಾ? ತಂತ್ರಜ್ಞಾನ ಬದಲಾಯಿತಲ್ಲ. ಕಾನೂನು ಒಂದು ದಿನಾಂಕ ಬರೆಯುತ್ತದೆ. ನಾವು ಅದರ ಕೆಳಗೆ ಗೆರೆ ಎಳೆದು, ಪುಟ ತಿರುವಿ, ಹೊಸ ಸಮಸ್ಯೆಯೊಂದನ್ನು ಹುಡುಕಿಕೊಂಡು ಹೋಗುತ್ತೇವೆ. ಸುರಿದದ್ದು ಮಾತ್ರ ಸುರಿದಲ್ಲೇ ಇರುತ್ತದೆ.

ನಾನು ಕರಾವಳಿಯ ತಳದ ಕೆಸರಿನ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು. ‘ಕೆಸರಿನಲ್ಲಿ ಏನಿದೆಯಮ್ಮ ಓದೋಕೆ?’ ಎಂದು ನೆಂಟರು ಕೇಳಿದರೆ ನಕ್ಕು ಸುಮ್ಮನಾಗಬಹುದು. ಅದೇ ಪ್ರಶ್ನೆಯನ್ನು ನೀತಿ ರೂಪಿಸುವವರು ಬೇರೆ ಮಾತಿನಲ್ಲಿ ಕೇಳಿದಾಗ ಸಿಟ್ಟು ಬರುತ್ತದೆ. ನನ್ನ ವಾದ ಇಷ್ಟೇ: ಕಡಲಿನ ಮಾಲಿನ್ಯವನ್ನು ನೀರಿನಲ್ಲಿ ಅಳೆದು, ನಿಷೇಧದ ದಿನಾಂಕಕ್ಕೆ ಮುಗಿಸಿಬಿಡುವ ನಮ್ಮ ಪದ್ಧತಿ ಸುರಿದವರಿಗೆ ಬರೆದುಕೊಟ್ಟ ಸಾಲಮನ್ನಾ ಪತ್ರ. ಲೆಕ್ಕವಿರುವುದು ಕೆಸರಿನಲ್ಲಿ. ಅದನ್ನು ಓದದೆ ಯಾರನ್ನೂ ಋಣಮುಕ್ತರೆಂದು ಘೋಷಿಸುವ ಹಕ್ಕು ನಮಗಿಲ್ಲ.

ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎಂಬ ಗಾದೆ ನಮ್ಮಲ್ಲಿದೆ. ಕೈಗಾರಿಕೆಗಳ ತ್ಯಾಜ್ಯನೀತಿ ಬಹುಕಾಲ ನಿಂತದ್ದು ಈ ಗಾದೆಯ ಮೇಲೆಯೇ. ಕಡಲು ದೊಡ್ಡದು, ಎಷ್ಟು ಸುರಿದರೂ ತೆಳುವಾಗಿ ಕಾಣದಂತಾಗುತ್ತದೆ ಎಂಬ ನಂಬಿಕೆ ಅದು. ಹುಣಸೆಯ ಹುಳಿ ನೀರಿನಲ್ಲಿ ಕರಗುತ್ತದೆ, ಹಾಗಾಗಿ ಗಾದೆ ಹುಟ್ಟಿತು. ಡಿಡಿಟಿ ಕರಗುವುದೇ ಇಲ್ಲ ಎನ್ನಬಹುದು. ಲೀಟರ್ ನೀರಿಗೆ ಕೆಲವೇ ಮೈಕ್ರೋಗ್ರಾಂ ಅಷ್ಟೇ. ಅದಕ್ಕೆ ಬೇಕಾದದ್ದು ಕೊಬ್ಬು, ಜಿಡ್ಡು, ಕೊಳೆತ ಜೈವಿಕ ಅಂಶ. ನೀರಿಗೆ ಬಿದ್ದೊಡನೆ ಅದು ಸಣ್ಣ ಮಣ್ಣಿನ ಕಣಗಳನ್ನು ಹುಡುಕಿ ಅಂಟಿಕೊಳ್ಳುತ್ತದೆ. ಪಿಸಿಬಿ, ಸೀಸ, ಪಾದರಸ ಎಲ್ಲವೂ ಬಹುಮಟ್ಟಿಗೆ ಹೀಗೆಯೇ. ಕಣ ಮೆಲ್ಲಗೆ ತಳಕ್ಕಿಳಿಯುತ್ತದೆ. ಈಗ ಮೇಲಿನ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಹೋಗಿ ಪರೀಕ್ಷೆ ಮಾಡಿ, ‘ಮಿತಿಯೊಳಗಿದೆ’ ಎಂಬ ವರದಿ ಸಿಗುತ್ತದೆ. ಕೆಳಗಿನ ಕೆಸರಿನಲ್ಲಿ ಅದೇ ವಸ್ತು ಸಾವಿರಾರು ಪಟ್ಟು ಹೆಚ್ಚಿರಬಹುದು. ಆ ವರದಿಯಲ್ಲಿ ಸುಳ್ಳಿಲ್ಲ. ಕೇಳಬೇಕಾದವರನ್ನು ಬಿಟ್ಟು ಪಕ್ಕದ ಮನೆಯವರನ್ನು ಸಾಕ್ಷಿ ಕೇಳಿದಂತೆ, ಅಷ್ಟೇ.

ಕೆಸರು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ವರ್ಷ ವರ್ಷದ ಹೂಳು ಒಂದರ ಮೇಲೊಂದು ಕೂರುತ್ತಾ ಹೋಗುವುದರಿಂದ ಅದಕ್ಕೆ ಕಾಲದ ಅಂದಾಜಿದೆ. ಕೊಳವೆಯೊಂದನ್ನು ತಳಕ್ಕೆ ಒತ್ತಿ, ಕಡುಬು ತೆಗೆದಂತೆ ಕೆಸರನ್ನು ಇಡಿಯಾಗಿ ಹೊರತೆಗೆದು, ಸೆಂಟಿಮೀಟರ್ ಲೆಕ್ಕದಲ್ಲಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತೇವೆ. ಮೇಲಿನ ಬಿಲ್ಲೆ ಕಂದು. ಕೆಳಗಿನವು ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಅದರಲ್ಲಿರುವ ಸೀಸ-210 ಎಂಬ ವಿಕಿರಣಶೀಲ ಧಾತು ಸುಮಾರು 22 ವರ್ಷಕ್ಕೆ ಅರ್ಧದಷ್ಟಾಗುತ್ತದೆ. ಅದನ್ನು ಅಳೆದರೆ ಬಿಲ್ಲೆಯ ವಯಸ್ಸು ಸಿಗುತ್ತದೆ. ವಾತಾವರಣದಲ್ಲಿ ಅಣುಬಾಂಬ್ ಪರೀಕ್ಷೆಗಳು ನಡೆದ ಕಾಲದ ಸೀಸಿಯಂ 1963ರ ಸುಮಾರಿಗೆ ಉತ್ತುಂಗಕ್ಕೇರಿ ಒಂದು ಗುರುತು ಬಿಟ್ಟಿದೆ. ಹೀಗೆ, ತಳ ಹೆಚ್ಚು ಕಲಕದ ಜಾಗಗಳಲ್ಲಿ, ಯಾವ ದಶಕದಲ್ಲಿ ಎಷ್ಟು ಸುರಿಯಲಾಯಿತು ಎಂದು ಓದಬಹುದು. ಕಾರ್ಖಾನೆಯ ದಾಖಲೆ ಕಳೆದುಹೋಗಬಹುದು, ಕಂಪನಿಯ ಹೆಸರು ಬದಲಾಗಬಹುದು. ಈ ದಾಖಲೆಯನ್ನು ಯಾರೂ ತಿದ್ದಲಾರರು.

ನಿಷೇಧ ಮತ್ತು ಅಂತ್ಯ ಎರಡೂ ಒಂದೇ ಎಂದು ನಂಬುವವರು ಕ್ಯಾಲಿಫೋರ್ನಿಯಾದ ಪಾಲೋಸ್ ವರ್ಡೀಸ್ ಕರಾವಳಿಯ ಕಥೆ ಓದಬೇಕು. ಲಾಸ್ ಏಂಜಲೀಸ್ ಬಳಿಯ ಟೊರೆನ್ಸ್‌ನಲ್ಲಿ ಮಾಂಟ್ರೋಸ್ ಕೆಮಿಕಲ್ ಕಾರ್ಪೊರೇಷನ್ 1947ರಿಂದ 1982ರವರೆಗೆ ಡಿಡಿಟಿ ತಯಾರಿಸಿತು. ತ್ಯಾಜ್ಯ ಹೋಗುತ್ತಿದ್ದದ್ದು ಊರಿನ ಸಾರ್ವಜನಿಕ ಒಳಚರಂಡಿಗೆ. ಅಲ್ಲಿಂದ ಕೊಳವೆಯಲ್ಲಿ ಕಡಲಿಗೆ. 1950ರ ದಶಕದ ಕೊನೆಯಿಂದ 1970ರ ದಶಕದ ಆರಂಭದವರೆಗೆ ಹೀಗೆ ಹರಿದ ಡಿಡಿಟಿ ಸುಮಾರು 1,700 ಟನ್ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ರೇಚಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ ಪ್ರಕಟವಾದದ್ದು 1962ರಲ್ಲಿ. ಆ ಪುಸ್ತಕ ಓದಿ ಒಂದು ದೇಶವೇ ಬೆಚ್ಚಿಬಿದ್ದ ವರ್ಷಗಳಲ್ಲೂ ಆ ಕೊಳವೆ ಹರಿಯುತ್ತಲೇ ಇತ್ತು. ಪುಸ್ತಕಗಳು ಲೋಕವನ್ನು ಬದಲಿಸುತ್ತವೆ ಎಂದು ನಂಬುವ ನಮ್ಮಂಥವರು ಈ ಸಂಗತಿಯನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಆ ಕರಾವಳಿಯ ಅನಕಾಪಾ ದ್ವೀಪದಲ್ಲಿ ಕಂದು ಪೆಲಿಕನ್‌ಗಳು ಗೂಡು ಕಟ್ಟುತ್ತವೆ. ಮೀನಿನ ಮೂಲಕ ಮೈ ಸೇರಿದ ಡಿಡಿಟಿಯ ರೂಪಾಂತರ ಮೊಟ್ಟೆಯ ಚಿಪ್ಪನ್ನು ಎಷ್ಟು ತೆಳುವಾಗಿಸಿತೆಂದರೆ, ಕಾವಿಗೆ ಕೂತ ತಾಯಿಯ ಭಾರಕ್ಕೇ ಮೊಟ್ಟೆ ಒಡೆಯುತ್ತಿತ್ತು. 1970ರಲ್ಲಿ ಅಲ್ಲಿ 552 ಜೋಡಿಗಳು ಗೂಡು ಕಟ್ಟಿದವು. ಬದುಕುಳಿದದ್ದು ಒಂದೇ ಮರಿ. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು, ಪೆಲಿಕನ್‌ಗಳು ಮೆಲ್ಲಗೆ ಚೇತರಿಸಿಕೊಂಡವು. ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಸುಖಾಂತ ಚೆನ್ನಾಗಿ ಮಾರಾಟವಾಗುತ್ತದೆ.

ನಿಲ್ಲಿಸಬಾರದು. ನಿಷೇಧದ ನಂತರವೂ ಹೊರದೇಶಗಳಿಗೆ ಮಾರಲೆಂದು ಹತ್ತು ವರ್ಷ ಆ ಕಾರ್ಖಾನೆ ನಡೆಯಿತು. ಕೊಳವೆ ನಿಂತು ಹಲವು ದಶಕಗಳ ಮೇಲೂ ಸುಮಾರು 17 ಚದರ ಮೈಲಿ ತಳದಲ್ಲಿ ನೂರು ಟನ್ನಿಗೂ ಹೆಚ್ಚು ಡಿಡಿಟಿ ಇದೆಯೆಂದು ಲೆಕ್ಕ ಹಾಕಲಾಯಿತು. 1990ರಲ್ಲಿ ಹೂಡಿದ ದಾವೆ ಮುಗಿಯಲು ಹತ್ತು ವರ್ಷ ಹಿಡಿಯಿತು; ಪರಿಹಾರದ ಒಟ್ಟು ಮೊತ್ತ ಸುಮಾರು 14 ಕೋಟಿ ಡಾಲರ್. 2000ದಲ್ಲಿ ಕೆಸರಿನ ಮೇಲೆ ಮರಳು ಹೊದಿಸುವ ಪ್ರಯೋಗ ನಡೆಯಿತು. 2009ರಲ್ಲಿ ದೊಡ್ಡ ಹೊದಿಕೆಯ ಯೋಜನೆ ಸಿದ್ಧವಾಯಿತು. ಅದೇ ಹೊತ್ತಿಗೆ ತೆಗೆದ ಹೊಸ ಮಾದರಿಗಳಲ್ಲಿ ಹಳೆಯ ಅಂದಾಜಿಗಿಂತ ಬಹಳ ಕಡಿಮೆ ಡಿಡಿಟಿ ಕಂಡು, ಲೆಕ್ಕದ ಬಗ್ಗೆಯೇ ವಿವಾದ ಎದ್ದಿತು. ಸುರಿಯುವುದಕ್ಕೆ ಒಂದು ಕೊಳವೆ ಸಾಕಾಗಿತ್ತು. ಉಳಿದದ್ದೆಷ್ಟು ಎಂದು ಹೇಳುವುದಕ್ಕೇ ಶ್ರೀಮಂತ ದೇಶವೊಂದರ ವಿಜ್ಞಾನ, ನ್ಯಾಯಾಲಯ, ಖಜಾನೆ ಎಲ್ಲ ಸೇರಿ ಒದ್ದಾಡಬೇಕಾಯಿತು.

ಇಷ್ಟರ ನಡುವೆ ಊಟ ಮಾಡಿದವರು ಯಾರು? ಅಲ್ಲಿನ ತಳದಲ್ಲಿ ಮೇಯುವ ಮೀನುಗಳಲ್ಲಿ ವೈಟ್ ಕ್ರೋಕರ್ ಒಂದು. ನಮ್ಮ ಕಡೆ ಕಲ್ಲೂರು ಎನ್ನುತ್ತಾರಲ್ಲ, ಆ ಕುಟುಂಬದ್ದೇ. ಅದನ್ನು ತಿನ್ನಬೇಡಿ ಎಂಬ ಫಲಕಗಳು ಕಡಲತೀರದ ಕಟ್ಟೆಗಳ ಮೇಲೆ ಬಂದವು. ಕಟ್ಟೆಯ ಮೇಲೆ ಗಾಳ ಹಾಕಿ ಕೂರುತ್ತಿದ್ದವರಲ್ಲಿ ಬಹಳಷ್ಟು ಮಂದಿ ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದಿಂದ ಬಂದ ವಲಸಿಗರು. ಎಚ್ಚರಿಕೆಯನ್ನು ಹಲವು ಭಾಷೆಗಳಲ್ಲಿ ಬರೆಯಬೇಕಾಯಿತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಶಾಲೆಯಲ್ಲಿ ಬರೆಸುತ್ತಿದ್ದರು. ಇಲ್ಲಿ ಮೊಸರು ತಿಂದ ಬಾಯಿ ಒಂದು, ಕೆಸರಿಗೆ ಇಳಿದ ಕೈ ಇನ್ನೊಂದು.

ಇದೂ ಸಾಲದೆಂಬಂತೆ, ಇನ್ನೂ ಆಳದಲ್ಲಿ, ಸುಮಾರು 900 ಮೀಟರ್ ಕೆಳಗೆ, ಮತ್ತೊಂದು ಸುರಿಯುವ ಜಾಗವಿತ್ತು. 1940ರ ದಶಕದ ಕೊನೆಯಿಂದ 1961ರವರೆಗೆ ಡಿಡಿಟಿ ತಯಾರಿಕೆಯ ಆಮ್ಲತ್ಯಾಜ್ಯವನ್ನು ದೋಣಿಯಲ್ಲಿ ಒಯ್ದು ಅಲ್ಲಿ ಸುರಿಯಲಾಗುತ್ತಿತ್ತು. ವಿಜ್ಞಾನಿಗಳು 2011ರ ನಂತರ ಯಂತ್ರ ಇಳಿಸಿ ನೋಡುವವರೆಗೆ ಅದು ಹೆಚ್ಚು ಕಡಿಮೆ ಮರೆತೇ ಹೋಗಿತ್ತು. ಅಲ್ಲಿನ ಕೆಸರಿನಲ್ಲಿ ಡಿಡಿಟಿ ಬಹುಪಾಲು ಡಿಡಿಟಿಯಾಗಿಯೇ ಕೂತಿದೆ. ಅರವತ್ತು ವರ್ಷಗಳಲ್ಲಿ ಅದಕ್ಕೆ ತನ್ನ ಗುರುತು ಬದಲಿಸುವ ಅವಸರವೂ ಬಂದಿಲ್ಲ.

ಜಪಾನಿನ ಮಿನಮಾಟಾ ಕೊಲ್ಲಿಯದು ಇದಕ್ಕಿಂತ ಹೆಚ್ಚು ಕೇಳಿದ ಹೆಸರು. 1932ರಿಂದ 1968ರವರೆಗೆ ಚಿಸ್ಸೋ ಕಂಪನಿಯ ಪಾದರಸ ಅಲ್ಲಿ ಇಳಿಯಿತು. 1956ರಲ್ಲಿ ರೋಗ ಅಧಿಕೃತವಾಗಿ ಬೆಳಕಿಗೆ ಬಂತು. ರೋಗದ ಕಥೆ ನಮಗೆ ಗೊತ್ತು. ಕೆಸರಿನ ಕಥೆಯನ್ನು ಹೇಳುವವರು ಕಡಿಮೆ. ಪ್ರತಿ ಕಿಲೋಗೆ 25 ಮಿಲಿಗ್ರಾಂ ಅಥವಾ ಹೆಚ್ಚು ಪಾದರಸವಿದ್ದ ಸುಮಾರು 15 ಲಕ್ಷ ಘನ ಮೀಟರ್ ಕೆಸರನ್ನು ಎತ್ತಿ, ಅಥವಾ ಇದ್ದಲ್ಲೇ ಮುಚ್ಚಿ, 58 ಹೆಕ್ಟೇರ್ ಹೊಸ ನೆಲ ಮಾಡಲಾಯಿತು. 1977ರಿಂದ 1990ರವರೆಗೆ ನಡೆದ ಆ ಕೆಲಸಕ್ಕೆ 4,850 ಕೋಟಿ ಯೆನ್ ಖರ್ಚಾಯಿತು. ಕಲುಷಿತ ಮೀನು ಹೊರಹೋಗದಂತೆ ಕೊಲ್ಲಿಗೆ ಅಡ್ಡ ಕಟ್ಟಿದ ಬಲೆ 1997ರವರೆಗೂ ಇತ್ತು. ಈಗ ಆ ನೆಲದ ಮೇಲೆ ಉದ್ಯಾನವಿದೆ, ಗುಲಾಬಿ ತೋಟವಿದೆ. ಅಡಿಯಲ್ಲಿ ಪಾದರಸದ ಕೆಸರಿದೆ. 25ಕ್ಕಿಂತ ಕಡಿಮೆ ಇದ್ದದ್ದು ಕೊಲ್ಲಿಯಲ್ಲೇ ಉಳಿಯಿತು. ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದು ವಿಜ್ಞಾನದ ಪ್ರಶ್ನೆಯಷ್ಟೇ ಖರ್ಚಿನ ಪ್ರಶ್ನೆಯೂ ಹೌದು.

ಇನ್ನು ನಮ್ಮ ತೀರಕ್ಕೆ ಬರೋಣ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯೊಂದರ ಸುತ್ತಲಿನ ಪಾದರಸದ ಬಗ್ಗೆ 1990ರಲ್ಲೇ ‘ಮರೀನ್ ಪೊಲ್ಯೂಷನ್ ಬುಲೆಟಿನ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾಗಿದೆ. ಆಮೇಲೆ ದೇಶದ ಕಾಸ್ಟಿಕ್ ಸೋಡಾ ಉದ್ಯಮ ಪಾದರಸದ ಕೋಶಗಳನ್ನು ಬಿಟ್ಟು ಮೆಂಬ್ರೇನ್ ವಿಧಾನಕ್ಕೆ ಹೊರಳಿತು. ಒಳ್ಳೆಯದೇ. ಆದರೆ ಅಂದು ತಳಕ್ಕೆ ಇಳಿದದ್ದು ಇಂದು ಎಷ್ಟು ಆಳದಲ್ಲಿದೆ ಎಂದು ಅಲ್ಲಿನ ಮೀನು ಮಾರುವ ಹೆಂಗಸೊಬ್ಬಳು ಕೇಳಿದರೆ ಉತ್ತರಿಸಬೇಕಾದ ಕಚೇರಿ ಯಾವುದು? ಪಕ್ಕದ ಕೇರಳದ ಏಲೂರಿನಲ್ಲಿ, ಪೆರಿಯಾರ್ ದಡದಲ್ಲಿ, 1950ರ ದಶಕದಲ್ಲಿ ಸರ್ಕಾರಿ ಡಿಡಿಟಿ ಕಾರ್ಖಾನೆ ಬಂತು. ಅಲ್ಲಿನ ಕುಳಿಕ್ಕಂಡಂ ತೋಡಿನ ಕೆಸರಿನಲ್ಲಿ ಡಿಡಿಟಿ ಇರುವುದು 1999ರಿಂದಲೇ ದಾಖಲಾಗಿದೆ. ಪೆರಿಯಾರ್ ಹೋಗಿ ಸೇರುವುದು ಕೊಚ್ಚಿಯ ಹಿನ್ನೀರಿಗೆ.

ನಮ್ಮಲ್ಲಿ ಅಳತೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1990ರ ದಶಕದ ಆರಂಭದಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮವೊಂದು ಕರಾವಳಿಯುದ್ದಕ್ಕೂ ಮಾದರಿ ಸಂಗ್ರಹಿಸುತ್ತಿದೆ, ಕೆಸರನ್ನೂ ತೆಗೆಯುತ್ತದೆ. ಕೊರತೆ ಇರುವುದು ಕಾನೂನಿನಲ್ಲಿ. ಕರಾವಳಿಯ ನೀರನ್ನು ಬಳಕೆಗೆ ತಕ್ಕಂತೆ ಐದು ವರ್ಗ ಮಾಡಿ, ಪ್ರತಿಯೊಂದಕ್ಕೂ ಗುಣಮಟ್ಟ ನಿಗದಿ ಮಾಡಿದ್ದೇವೆ. ತಳದ ಕೆಸರಿಗೆ ಅಂಥ ರಾಷ್ಟ್ರೀಯ ಮಾನದಂಡವಿಲ್ಲ. ಹಾಗಾಗಿ ನನ್ನಂಥ ಸಂಶೋಧಕರು ಪ್ರಬಂಧ ಬರೆಯುವಾಗ ಅಮೆರಿಕದ ನೋವಾ ಸಂಸ್ಥೆಯ ಅಥವಾ ಕೆನಡಾದ ಮಾರ್ಗಸೂಚಿಗೆ ಹೋಲಿಸುತ್ತೇವೆ. ಅವು ಬಹುಪಾಲು ಉತ್ತರ ಅಮೆರಿಕದ ಕೆಸರು, ಅಲ್ಲಿನ ಜೀವಿಗಳ ಮೇಲೆ ನಡೆದ ಪರೀಕ್ಷೆಗಳಿಂದ ಬಂದವು. ನೇತ್ರಾವತಿಯ ಅಳಿವೆಯಲ್ಲಿ ಮರುವಾಯಿ ಹೆಕ್ಕುವವರ ಆರೋಗ್ಯಕ್ಕೆ ಎಲ್ಲೋ ಎಳೆದ ಗೆರೆ. ಆ ಗೆರೆ ದಾಟಿದರೂ ಇಲ್ಲಿ ಯಾರ ಮೇಲೂ ಯಾವ ಕರ್ತವ್ಯವೂ ಬೀಳುವುದಿಲ್ಲ. ಪ್ರಬಂಧ ಪ್ರಕಟವಾಗುತ್ತದೆ, ನಮಗೆ ಪದವಿ ಬರುತ್ತದೆ, ಕಡತ ಮುಚ್ಚುತ್ತದೆ.

ನನ್ನ ವಾದಕ್ಕೆ ಎದುರು ಮಾತುಗಳಿವೆ. ಅವೆಲ್ಲ ಮೂರ್ಖತನದ ಮಾತುಗಳಲ್ಲ.

ಡಿಡಿಟಿ ಇಲ್ಲದಿದ್ದರೆ ಮಲೇರಿಯಾಕ್ಕೆ ಎಷ್ಟು ಜನ ಬಲಿಯಾಗುತ್ತಿದ್ದರು ಎಂಬುದು ಮೊದಲನೆಯದು. ನಿಜ. ಇತ್ತೀಚಿನ ವರ್ಷಗಳವರೆಗೂ ಅದನ್ನು ತಯಾರಿಸುತ್ತಾ ಬಂದ ಏಕೈಕ ದೇಶ ನಮ್ಮದು. ಸ್ಟಾಕ್‌ಹೋಮ್ ಒಪ್ಪಂದವೂ ರೋಗವಾಹಕ ಕೀಟಗಳ ನಿಯಂತ್ರಣಕ್ಕೆ ವಿನಾಯಿತಿ ಕೊಟ್ಟಿದೆ. ಮನೆಯ ಗೋಡೆಗೆ ಹೊಡೆಯುವ ಔಷಧಿಯ ಮೇಲೆ ನನ್ನ ಜಗಳವಿಲ್ಲ. ಆದರೆ ಪಾಲೋಸ್ ವರ್ಡೀಸ್‌ನ 1,700 ಟನ್ ಯಾವ ಗೋಡೆಯಿಂದಲೂ, ಯಾವ ಹೊಲದಿಂದಲೂ ಬಂದದ್ದಲ್ಲ. ಅದು ಕಾರ್ಖಾನೆಯ ಮೋರಿಯಿಂದ ಬಂತು. ಸೊಳ್ಳೆಯ ಹೆಸರು ಹೇಳಿ ಮೋರಿಯನ್ನು ಸಮರ್ಥಿಸುವುದು ಕೈಚಳಕ.

ಎರಡನೆಯದು, ಹೂತದ್ದನ್ನು ಕೆದಕಬೇಡಿ, ಹೊಸ ಹೂಳು ಬಂದು ತಾನಾಗಿ ಮುಚ್ಚುತ್ತದೆ ಎಂಬ ಸಲಹೆ. ಕೆಲವು ಕಡೆ ಇದೇ ಸರಿಯಾದ ದಾರಿ. ಅವಸರದಲ್ಲಿ ಹೂಳೆತ್ತಿದರೆ ಮಲಗಿದ್ದ ವಿಷ ಮತ್ತೆ ನೀರಿಗೆ ಏಳುತ್ತದೆ. ಆದರೆ ತಳವೆಂಬುದು ಮುಚ್ಚಿದ ಪೆಟ್ಟಿಗೆಯಲ್ಲ. ಹುಳು, ಏಡಿ, ಸಿಗಡಿ ಅದನ್ನು ದಿನವೂ ಉಳುತ್ತವೆ. ಮಳೆಗಾಲದ ಅಲೆ ಕಲಕುತ್ತದೆ. ಟ್ರಾಲ್ ಬಲೆಯ ಹಲಗೆಗಳು ತಳವನ್ನು ಗೀರುತ್ತಾ ಹೋಗುತ್ತವೆ. ಪಣಂಬೂರಿನ ಬಂದರಿರಲಿ, ಮಂಗಳೂರಿನ ಹಳೇ ಬಂದರಿರಲಿ, ಹಡಗು ದೋಣಿಗಳ ದಾರಿ ಉಳಿಯಬೇಕಾದರೆ ಹೂಳೆತ್ತುತ್ತಲೇ ಇರಬೇಕು. ‘ಮುಟ್ಟದೆ ಬಿಡೋಣ’ ಎಂಬುದು ಅಳೆದು, ಯೋಚಿಸಿ, ಸಹಿ ಹಾಕಿ ತೆಗೆದುಕೊಂಡ ತೀರ್ಮಾನವಾಗಿದ್ದರೆ ಒಪ್ಪುತ್ತೇನೆ. ನಮ್ಮಲ್ಲಿ ಅದು ಹಾಗಲ್ಲ. ಯಾರೂ ನೋಡದೇ ಇರುವುದಕ್ಕೆ ‘ನೈಸರ್ಗಿಕ ಚೇತರಿಕೆ’ ಎಂಬ ಹೆಸರಿಟ್ಟಿದ್ದೇವೆ.

ಮೂರನೆಯ ಮಾತು ನನ್ನ ನಿದ್ದೆ ಕೆಡಿಸುವಂಥದ್ದು. ಕೆಸರಿನ ಅಂಕಿಗಳು ಪತ್ರಿಕೆಯಲ್ಲಿ ಬಂದ ಮರುದಿನ ಮೀನು ಕೊಳ್ಳುವವರಿಲ್ಲ. ನಷ್ಟ ಕಂಪನಿಗಾಗುವುದಿಲ್ಲ, ಬುಟ್ಟಿಯಲ್ಲಿ ನಂಗು, ಸಿಗಡಿ ಇಟ್ಟುಕೊಂಡು ಕೂತವಳಿಗಾಗುತ್ತದೆ. ‘ನೀವು ಬರೆದು ಹೋಗ್ತೀರಿ ಅಕ್ಕ, ನಾವು ನಾಳೆ ಏನು ಮಾರೋದು?’ ಎಂದು ಮಾದರಿ ತೆಗೆಯಲು ಹೋದ ಕಡೆ ಒಬ್ಬ ಹುಡುಗ ಕೇಳಿದ್ದ. ಅವನ ಪ್ರಶ್ನೆ ನ್ಯಾಯವಾದದ್ದು. ಮಿನಮಾಟಾದ ಮೀನುಗಾರರೂ ರೋಗ ಮತ್ತು ಮಾರುಕಟ್ಟೆ ಎರಡರಿಂದಲೂ ಪೆಟ್ಟು ತಿಂದವರು. ಆದರೆ ಮೌನ ಆ ಹುಡುಗನನ್ನು ಕಾಯುತ್ತದೆಯೇ? ಮೀನು ತಿನ್ನುವವರಲ್ಲಿ ಮೊದಲಿಗರು ಅವನ ಮನೆಯವರೇ. ಮಾಹಿತಿ ಗೊಂದಲವಾಗಿ, ಗಾಳಿಸುದ್ದಿಯಾಗಿ ಬಂದರೆ ಇಡೀ ಕರಾವಳಿಯ ಮೀನಿಗೆ ಕಳಂಕ. ಯಾವ ಅಳಿವೆ, ಯಾವ ಮೀನು, ಎಷ್ಟು, ಯಾರಿಗೆ ಅಪಾಯ ಎಂದು ನಿಖರವಾಗಿ ಬಂದರೆ ಉಳಿದ ಬಂಗುಡೆ, ಬೂತಾಯಿಯೆಲ್ಲ ಉಳಿಯುತ್ತವೆ. ಆ ನಷ್ಟ ತುಂಬಿಕೊಡುವ ಹೊಣೆ ಸುರಿದವರದ್ದು ಎಂದು ಕಾನೂನು ಮೊದಲೇ ಹೇಳಿದ್ದರೆ ಹುಡುಗ ನನ್ನನ್ನು ಕಂಡು ಹೆದರಬೇಕಾಗಿರಲಿಲ್ಲ.

ಆದ್ದರಿಂದ ನಾವು ಕೇಳಬೇಕಾದದ್ದು ಸ್ಪಷ್ಟವಾಗಿದೆ. ನಮ್ಮ ಕೆಸರು, ನಮ್ಮ ಜೀವಿಗಳನ್ನು ಪರೀಕ್ಷಿಸಿ ರೂಪಿಸಿದ, ಕಾನೂನಿನ ಬಲವಿರುವ ಮಾನದಂಡ ಬೇಕು. ಕರಾವಳಿಯಲ್ಲಿ ಕಾರ್ಖಾನೆ ಶುರುವಾಗುವ ಮುನ್ನ ಒಮ್ಮೆ, ಮುಚ್ಚುವಾಗ ಒಮ್ಮೆ, ತಳದ ಕೆಸರನ್ನು ಕೊಳವೆ ಇಳಿಸಿ ತೆಗೆದು ವರದಿ ಮಾಡಬೇಕು. ಮುಚ್ಚಿದ ಮೇಲೂ ಹೊಣೆ ಮುಗಿಯಬಾರದು, ಕಂಪನಿ ಕೈ ಬದಲಾದರೆ ಹೊಣೆಯೂ ಜೊತೆಗೆ ಹೋಗಬೇಕು. ಹೂಳೆತ್ತುವ ಮುನ್ನ ಆ ಹೂಳಿನ ಪರೀಕ್ಷೆಯ ಫಲಿತಾಂಶವನ್ನು ಕನ್ನಡದಲ್ಲಿ ಬರೆದು, ಮೀನು ಇಳಿಸುವ ಧಕ್ಕೆಯ ಗೋಡೆಗೆ ಅಂಟಿಸಬೇಕು. ಇದರಲ್ಲಿ ಕ್ರಾಂತಿಕಾರಿಯಾದದ್ದು ಏನೂ ಇಲ್ಲ. ಸಾಲ ಮಾಡಿದವನ ಹೆಸರಿನಲ್ಲೇ ಸಾಲ ಬರೆದಿಡಿ ಎನ್ನುತ್ತಿದ್ದೇನೆ.

ಸಾಹಿತ್ಯ ಓದುವ ನಿಮಗೆ ಇದನ್ನು ಯಾಕೆ ಹೇಳಬೇಕು? ಮಿನಮಾಟಾದ ಸಂಗತಿ ಜಪಾನಿನ ಮನೆಮನೆಗೆ ಮುಟ್ಟಿದ್ದರಲ್ಲಿ ಆ ಊರಿನಲ್ಲೇ ಬೆಳೆದ ಇಶಿಮುರೆ ಮಿಚಿಕೊ ಎಂಬ ಹೆಣ್ಣುಮಗಳು 1969ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ ದೊಡ್ಡ ಪಾಲಿದೆ. ಆಕೆ ಮೀನುಗಾರರ ಆಡುಮಾತಿನಲ್ಲಿ ಅವರ ಬದುಕನ್ನು ಬರೆದರು. ಕಚೇರಿಯ ವರದಿಗಳ ಭಾಷೆ ಅದರ ಪಕ್ಕದಲ್ಲಿ ನಾಚುವಂತಾಯಿತು. ನಮ್ಮ ಕಾವ್ಯದಲ್ಲಿ ಕಡಲು ಹೇರಳವಾಗಿದೆ: ಅನಂತ, ಅಗಾಧ, ಎಲ್ಲವನ್ನೂ ತನ್ನೊಳಗೆ ಕರಗಿಸಿಕೊಳ್ಳುವ ತಾಯಿ. ಇದೇ ರೂಪಕವನ್ನು ಕಾರ್ಖಾನೆಯ ಮೋರಿಯೂ ಬಳಸಿಕೊಂಡಿದೆ ಎಂಬುದು ನನ್ನ ತಕರಾರು. ಕಡಲು ಎಲ್ಲವನ್ನೂ ಕರಗಿಸುವುದಿಲ್ಲ. ಬಹಳಷ್ಟನ್ನು ಅದು ಹಾಗೆಯೇ ಎತ್ತಿಟ್ಟುಕೊಳ್ಳುತ್ತದೆ.

ಮುಂದಿನ ಸಲ ಯಾವುದೇ ಸಾರ್ವಜನಿಕ ಅಹವಾಲು ಸಭೆಯಲ್ಲಿ, ಯಾವುದೇ ಪತ್ರಿಕಾ ಹೇಳಿಕೆಯಲ್ಲಿ ‘ಎಲ್ಲವೂ ಮಿತಿಯೊಳಗಿದೆ’ ಎಂಬ ಮಾತು ಕೇಳಿದರೆ, ಒಂದು ಪ್ರಶ್ನೆ ಕೇಳಿ: ನೀರಿನಲ್ಲೋ, ಕೆಸರಿನಲ್ಲೋ? ಕೆಸರಿನಲ್ಲಿ ಎಂದರೆ, ಎಷ್ಟು ಆಳದ್ದು, ಯಾವ ವರ್ಷದ್ದು, ಮಿತಿ ಯಾರು ಹಾಕಿದ್ದು ಎಂದೂ ಕೇಳಿ. ಉತ್ತರ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.